ಗ್ರೀನ್ ಟೀ ಮತ್ತು ಕೊನೆಯ ಪ್ಯಾರಾ

ಅಂದು ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾಳಿಗೆ ಬೆರಳು ಮಡಚಲು ಆಗಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದಳು. ಮಧ್ಯಾಹ್ನದ ಹೊತ್ತಿಗೆ ಕೈ ಸಡಿಲವಾಯಿತು. ಎಂದಿನಂತೆ ಬ್ಲೌಸ್ ಹೊಲಿಯಲು ಕುಳಿತಳು. ನ್ಯಾಮತಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಕೆಲಸ ಜಾಸ್ತಿಯಾಗಿರಬೇಕು ಎಂದುಕೊಂಡೆವು.

ದಾವಣಗೆರೆಯ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ದೇಹವನ್ನು ಕಾಯಬೇಕಾದ ಕೋಶಗಳೇ ಕೀಲುಗಳ ಮೇಲೆ ಎರಗುವ ಕಾಯಿಲೆ. ವಾರಕ್ಕೊಮ್ಮೆ ನುಂಗಲು ಮೆಥೊಟ್ರೆಕ್ಸೇಟ್ ಬರೆದರು. ಭಾನುವಾರ ನುಂಗಿದರೆ ಸೋಮವಾರವಿಡೀ ಹೊಟ್ಟೆ ತೊಳಸುತ್ತಿತ್ತು. ಆದರೆ ಊತ ಇಳಿಯಿತು. ಕತ್ತರಿ ಮತ್ತೆ ಕೈಗೆ ಬಂತು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಬರಹ ತಿದ್ದುವ ಕೆಲಸದಲ್ಲಿದ್ದೇನೆ. ಆರೋಗ್ಯ ಪುಟಕ್ಕೆ ಒಂದು ಬರಹ ಬಂತು. ಚಹಾ ಎಲೆಯಲ್ಲಿ, ಅದರಲ್ಲೂ ಗ್ರೀನ್ ಟೀಯಲ್ಲಿ ಹೆಚ್ಚಾಗಿರುವ ಕ್ಯಾಟೆಚಿನ್ ಎಂಬ ಅಂಶಗಳು ರೋಗನಿರೋಧಕ ಕೋಶಗಳ ಅಬ್ಬರವನ್ನು ತಗ್ಗಿಸಿ ಉರಿಯೂತ ಕಡಿಮೆ ಮಾಡುತ್ತವೆ ಎಂಬುದು ಅದರ ಸಾರ. ಆಸೆಯಿಂದ ಓದಿದೆ. ಪುಟದಲ್ಲಿ ಜಾಗ ಸಾಲಲಿಲ್ಲ. ಕೆಳಗಿನಿಂದ ಕತ್ತರಿಸುವುದು ನಮ್ಮ ರೂಢಿ. ಮುಖ್ಯವಾದದ್ದೆಲ್ಲ ಮೇಲೇ ಇರುತ್ತದೆ ಎಂಬ ನಂಬಿಕೆ. ಕೊನೆಯ ಪ್ಯಾರಾ ತೆಗೆದೆ. ಇದು ಪ್ರಯೋಗಾಲಯದಲ್ಲಿ ಕೋಶಗಳ ಮೇಲೆ ಕಂಡದ್ದು, ಮನುಷ್ಯರಲ್ಲೂ ಅಷ್ಟೇ ಫಲ ಸಿಗುತ್ತದೆ ಎನ್ನಲಾಗದು, ಔಷಧಿ ನಿಲ್ಲಿಸಬಾರದು ಎಂದು ಅದರಲ್ಲಿತ್ತು.

ಶೀರ್ಷಿಕೆಯೂ ನನ್ನದೇ: 'ಕೀಲು ಊತಕ್ಕೆ ಚಹಾ ಎಲೆಯ ಮದ್ದು'.

ಮರುದಿನ ಪತ್ರಿಕೆಯ ಜೊತೆ ಗ್ರೀನ್ ಟೀ ಡಬ್ಬಿಯನ್ನೂ ಮನೆಗೆ ತಂದೆ. ಸವಳಂಗದಿಂದ ಬ್ಲೌಸ್ ಒಯ್ಯಲು ಬಂದ ರತ್ನಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಇದೇನು ಗಿರಿಜಕ್ಕ, ಚಾನಾ, ಕಷಾಯನಾ? ನಿಮ್ಮನ್ಯಾಗೆ ಹಾಲಿಗೆ ಬರ ಬಂದೈತಾ?"

"ನಮ್ಮನೆಯೋರ ಪೇಪರ್‌ನಾಗೆ ಬಂದೈತೆ. ಸುಳ್ಳು ಹಾಕ್ತಾರಾ?"

ನಾನು ನಕ್ಕೆ.

ಸೋಮವಾರದ ತೊಳಸು ನಿಂತಿತು. ಚಹಾ ಹೊಟ್ಟೆಗೂ ಒಗ್ಗಿತು ಎಂದು ಸಂತೋಷಪಟ್ಟೆ. ಡೆಸ್ಕಿನಲ್ಲಿ ವರದಿಗಾರರಿಗೆ ಹತ್ತು ಪ್ರಶ್ನೆ ಹಾಕುವವನು ಮನೆಯಲ್ಲಿ ಒಂದನ್ನೂ ಕೇಳಲಿಲ್ಲ.

ಅವಳು ಮಾತ್ರೆ ಬಿಟ್ಟಿದ್ದಳು.

ಅದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ಡಾಕ್ಟರ ಎದುರು. ಅಷ್ಟರಲ್ಲಿ ಜ್ವರ ಬಂದಿತ್ತು, ಮೊಣಕಾಲು ಊದಿತ್ತು, ಬೆರಳು ಸೊಟ್ಟಗಾಗಿದ್ದವು, ಅವಳನ್ನು ಎತ್ತಿಯೇ ಕಾರಿಗೆ ಕೂರಿಸಿದ್ದೆ.

"ಮಾತ್ರೆ ಯಾಕಮ್ಮ ಬಿಟ್ರಿ?"

"ಎರಡೂ ಒಂದೇ ಕೆಲಸ ಮಾಡ್ತಾವಲ್ರೀ ಅಂತ. ಚಾ ಕುಡಿದ್ರೆ ಹೊಟ್ಟೆ ತೊಳಸಲ್ಲ."

"ಚಹಾ ಕುಡೀರಿ, ಬೇಡ ಅನ್ನಲ್ಲ. ಆದ್ರೆ ಕುಡಿದದ್ರಲ್ಲಿ ರಕ್ತಕ್ಕೆ ಸೇರೋದು ಸ್ವಲ್ಪ. ಲ್ಯಾಬ್‌ನಲ್ಲಿ ಕೋಶದ ಮೇಲೆ ನೇರ ಹಾಕಿ ನೋಡೋದೇ ಬೇರೆ. ಮಾತ್ರೆ ಜಾಗಕ್ಕೆ ಅದು ಬರಲ್ಲ. ಯಾರು ಹೇಳಿದ್ರು ನಿಮಗೆ?"

ಗಿರಿಜಾ ನನ್ನ ಕಡೆ ನೋಡಲಿಲ್ಲ. "ಯಾರೋ ಹೇಳಿದ್ರು ಸಾರ್," ಎಂದಳು.

ನಾನು ಔಷಧಿ ಚೀಟಿ ಮಡಚಿ ಜೇಬಿಗಿಟ್ಟೆ.

ಕಾರು ಹೊನ್ನಾಳಿ ದಾಟಿದ ಮೇಲೆ ಕೊನೆಯ ಪ್ಯಾರಾದ ವಿಷಯ ಹೇಳಿದೆ.

"ಔಷಧಿ ಬಿಡಬ್ಯಾಡ್ರಿ ಅಂತ ಹಾಕಾಕೆ ಜಾಗ ಇರಲಿಲ್ವಾ?"

"ಇರಲಿಲ್ಲ."

"ಪಕ್ಕದಾಗೆ ಅಷ್ಟು ದೊಡ್ಡ ಚಾ ಕಪ್ಪಿನ ಫೋಟೊ ಇತ್ತಲ್ರೀ."

ಆ ಪ್ಯಾರಾವನ್ನು ನಂತರ ಸ್ಪಷ್ಟನೆಯಾಗಿ ಪ್ರಕಟಿಸಿದೆವು. ಓದಿದವರೆಲ್ಲರಿಗೂ ಅದು ತಲುಪಿತೆಂದು ಹೇಳಲಾರೆ. ಆ ಶೀರ್ಷಿಕೆ ನಂಬಿ ಇನ್ಯಾವ ಊರಿನಲ್ಲಿ ಯಾರು ಮಾತ್ರೆ ಬಿಟ್ಟರೋ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಬ್ಬಳದು ಮಾತ್ರ.

ಗಿರಿಜಾ ಮತ್ತೆ ಭಾನುವಾರದ ಮಾತ್ರೆ ನುಂಗುತ್ತಿದ್ದಾಳೆ. ತೊಳಸಿಗೂ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಕೇಳಿದ್ದರೆ ಮೊದಲೇ ಕೊಡುತ್ತಿದ್ದರು. ಊತ ಇಳಿದಿದೆ. ಬಲಗೈಯ ಎರಡು ಬೆರಳು ಮಾತ್ರ ನೆಟ್ಟಗಾಗಿಲ್ಲ, ಆಗುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ಮಷೀನು ತುಳಿಯುತ್ತಾಳೆ, ಬಟ್ಟೆ ಕತ್ತರಿಸಲಾರಳು. ಅವಳು ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕೊಡುತ್ತಾಳೆ, ಡ್ಯೂಟಿಗೆ ಹೊರಡುವ ಮುಂಚೆ ನಾನು ಕತ್ತರಿಸುತ್ತೇನೆ.

"ಗೆರೆ ಮ್ಯಾಲೇ ಹೋಗ್ರಿ. ಒಳಗೆ ಹೋಗಬ್ಯಾಡ್ರಿ."

ಮೊನ್ನೆ ಹಾಲು ಹಾಕಿದ ಚಹಾ ಕುಡಿದು ಲೋಟ ಕೆಳಗಿಟ್ಟವಳು ನನ್ನ ಕೈಯಿಂದ ಕತ್ತರಿ ಇಸಿದುಕೊಂಡಳು. ಒಂದು ತೋಳಿನ ಬಟ್ಟೆಯನ್ನು ನಿಧಾನವಾಗಿ, ಗೆರೆ ತಪ್ಪದಂತೆ ಕತ್ತರಿಸಿದಳು. ಬೆರಳು ನೀವಿಕೊಂಡಳು. ಇನ್ನೊಂದು ತೋಳಿನದನ್ನು ನನ್ನ ಮುಂದೆ ಸರಿಸಿದಳು.