ಫೋಟೋದ ಬೆನ್ನು ಒರೆಸುವ ಫಾರ್ಮಕ್ಕ

ಬೆಳಗಿನ ಐದೂಕಾಲು. ಬೋರ್ಡಿಲ್ಲದ ಮೂರಂತಸ್ತಿನ ಮನೆಯ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಗೆ ಬಂದ ಹೆಂಗಸೊಬ್ಬರು ಒಳಗಿನಿಂದ ಚಿಲಕ ಹಾಕುತ್ತಾರೆ. ಬಿದ್ದಿದೆಯೇ ಎಂದು ಎಳೆದು ನೋಡುತ್ತಾರೆ. ಮತ್ತೆ ಎಳೆಯುತ್ತಾರೆ. ಕುರ್ಚಿಯವರೆಗೆ ಬಂದವರು ವಾಪಸು ಹೋಗಿ ಮೂರನೇ ಸಲವೂ ಎಳೆದ ಮೇಲೆಯೇ ಕಂಪ್ಯೂಟರಿನ ಮುಂದೆ ಕೂರುವುದು. "ಮೊದ್ಲು ನಾನು ಹೀಗಿರ್ಲಿಲ್ಲ" ಎನ್ನುತ್ತಾರೆ, ಯಾರೂ ಕೇಳದಿದ್ದರೂ.

ಪರದೆಯ ಮೇಲೆ ನಿನ್ನೆಯಿಂದ ಬಂದ ಒಂಬತ್ತು ಫೋಟೋಗಳು ಕಾಯುತ್ತಿವೆ. ಒಂದರಲ್ಲಿ ಹೊಸದಾಗಿ ಹೆಣೆದ ಕಾಲುಚೀಲ. ಇನ್ನೊಂದರಲ್ಲಿ ಕಿಟಕಿಯ ಬಳಿ ಮೈಚಾಚಿ ಮಲಗಿದ ಬೆಕ್ಕು. ನಮಗೆ ನಿಮಗೆ ಕಾಣುವುದು ಬೆಕ್ಕು ಮಾತ್ರ. ಇವರಿಗೆ ಕಾಣುವುದು ಬೆಕ್ಕಿನ ಹಿಂದೆ ತೆರೆದಿಟ್ಟ ಕಿಟಕಿಯ ಗಾಜಿನಲ್ಲಿ ಉಲ್ಟಾ ಬಿದ್ದಿರುವ ಎದುರಂಗಡಿಯ ಬೋರ್ಡು. ಗಾಜಿನ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಬೆಕ್ಕಿನ ಬಾಲವೂ ಅದರ ಜೊತೆ ಹೋಗುತ್ತದೆ. "ಬಾಲ ಹೋದ್ರೆ ಹೋಗ್ಲಿ, ತಲೆ ಉಳೀತಲ್ಲ" ಎನ್ನುತ್ತಾರೆ.

ಅದು ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರ ಆಸರೆಮನೆ. ಈಗ ಮೂವತ್ತೊಂದು ಜನರಿದ್ದಾರೆ. ವಸತಿಗೃಹಗಳ ಹಾಸಿಗೆ ಬಟ್ಟೆ ಒಗೆದುಕೊಟ್ಟು ಮನೆ ನಡೆಸುತ್ತಾರೆ, ಬಿಡುವಿನಲ್ಲಿ ಒಂದು ಬ್ಲಾಗ್ ಬರೆಯುತ್ತಾರೆ. ಹೆಸರು ಹಾಕುವುದಿಲ್ಲ. ತಾವು ಮಾಡಿದ ಕೆಲಸದ ಫೋಟೋ ಹಾಕಿ ನಾಲ್ಕು ಸಾಲು ಬರೆಯುತ್ತಾರೆ, ಅಷ್ಟೆ. ಎಲ್ಲೋ ಇರುವ ಅಮ್ಮನೋ ತಂಗಿಯೋ ನೋಡಿ, ಇದು ನಮ್ಮವಳದೇ ಕೈಕೆಲಸ, ಬದುಕಿದ್ದಾಳೆ ಎಂದು ನೆಮ್ಮದಿಯ ನಿಟ್ಟುಸಿರು ಬಿಡಲಿ ಎಂಬ ಆಸೆ. ಆ ಬ್ಲಾಗಿನ ಅರ್ಜಿಹಾಳೆಯನ್ನು, ಅಂದರೆ ಬರಹ ತುಂಬಿ ಫೋಟೋ ಸೇರಿಸುವ ಫಾರ್ಮನ್ನು ಕಟ್ಟಿದವರು ಇವರು. ಮನೆಯವರೆಲ್ಲ ಕರೆಯುವುದು ಫಾರ್ಮಕ್ಕ ಎಂದೇ.

ಫಾರ್ಮಕ್ಕನ ತಂದೆಗೆ ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಎರಡು ನಿಯಮ. ತೊಳೆದ ಪ್ರತಿ ಫೋಟೋದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಊರು, ತಾರೀಖು ಬರೆಯಬೇಕು. ನೆಗೆಟಿವನ್ನು ಎಂದೂ ಎಸೆಯಬಾರದು, ನಂಬರು ಹಾಕಿ ಲಕೋಟೆಯಲ್ಲಿಡಬೇಕು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಬೆನ್ನು ಬರೆದವರು ಇವರೇ. ಎಲ್ಲರ ಫೋನಿನಲ್ಲೂ ಕ್ಯಾಮೆರಾ ಬಂದು ಸ್ಟುಡಿಯೋ ಬಾಗಿಲು ಹಾಕಿದಾಗ ಇವರಿಗೆ ಮೂವತ್ತೊಂಬತ್ತು. ಮಗಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ವೆಬ್‌ಸೈಟ್ ಕಟ್ಟುವುದನ್ನು ಕಲಿತರು. "ಮೊದಲ್ನೇ ತಿಂಗಳು ಏನೂ ತಲೆಗೆ ಹೋಗ್ಲಿಲ್ಲ. ಎರಡನೇ ತಿಂಗಳು ಹೋಗಿದ್ದು ಹೊರಗೆ ಬರ್ಲಿಲ್ಲ" ಎಂದು ಈಗ ನಗುತ್ತಾರೆ.

ವೆಬ್ ಫ್ರೇಮ್‌ವರ್ಕ್ ಎಂದರೆ ಸಿದ್ಧ ಚೌಕಟ್ಟು. ಗೋಡೆ, ಬಾಗಿಲು ಮೊದಲೇ ಇರುತ್ತವೆ. ಒಳಗಿನದನ್ನು ನಮಗೆ ಬೇಕಾದಂತೆ ಮಾಡಿಕೊಳ್ಳಬೇಕು. ಅದರ ಜೊತೆ ಬಂದ ಫಾರ್ಮು ಹೆಸರು ಕೇಳುತ್ತಿತ್ತು, ಊರು ಕೇಳುತ್ತಿತ್ತು, ಫೋನ್ ನಂಬರು ಕೇಳುತ್ತಿತ್ತು. ಫಾರ್ಮಕ್ಕ ಒಂದೊಂದನ್ನೇ ಕಿತ್ತರು. ತಾರೀಖು ತೆಗೆದು, ಬರಹ ಕೆಲವು ದಿನ ತಡೆದು ಪ್ರಕಟವಾಗುವಂತೆ ಮಾಡಿದರು. ಫೋಟೋ ಸೇರದಿದ್ದರೆ ಕೆಂಪಕ್ಷರದಲ್ಲಿ 'ನೀವು ತಪ್ಪು ಮಾಡಿದ್ದೀರಿ' ಎಂದು ಬರುತ್ತಿತ್ತು. ಅದನ್ನು ಕಂಡ ಒಬ್ಬಾಕೆ ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತುಬಿಟ್ಟಿದ್ದರು. ಈಗ ಅಲ್ಲಿ ಮಾಮೂಲು ಬಣ್ಣದಲ್ಲಿ ಹೀಗೆ ಬರುತ್ತದೆ: 'ಫೋಟೋ ತುಂಬಾ ದೊಡ್ಡದಿದೆ. ತಪ್ಪು ನಿಮ್ಮದಲ್ಲ. ಇನ್ನೊಂದು ಹಾಕಿ ನೋಡಿ.'

ಇಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವರು ಎಡವಿದ್ದು ತಂದೆಯ ಎರಡನೇ ನಿಯಮದಲ್ಲಿ.

ಫೋನಿನಲ್ಲಿ ತೆಗೆದ ಫೋಟೋಗೂ ಕಣ್ಣಿಗೆ ಕಾಣದ ಬೆನ್ನೊಂದಿರುತ್ತದೆ. ತೆಗೆದ ಜಾಗ ಯಾವುದೆಂದು ಫೋನು ತಾನೇ ಅಲ್ಲಿ ಬರೆದುಕೊಂಡಿರುತ್ತದೆ, ಮನೆ ಗುರುತು ಹಿಡಿಯುವಷ್ಟು ಕರಾರುವಾಕ್ಕಾಗಿ. ಇದು ಫಾರ್ಮಕ್ಕನಿಗೆ ಗೊತ್ತಿತ್ತು. ಬಂದ ಫೋಟೋವನ್ನು ಚಿಕ್ಕದು ಮಾಡಿ, ಬೆನ್ನು ಒರೆಸಿ, ಅದನ್ನೇ ಬ್ಲಾಗಿನಲ್ಲಿ ತೋರಿಸುತ್ತಿದ್ದರು. ಆದರೆ ಮೂಲ ಫೋಟೋ ಎಸೆಯಲು ಮನಸ್ಸು ಬರಲಿಲ್ಲ. ನೆಗೆಟಿವ್ ಎಸೆಯುವುದುಂಟೇ? ನಂಬರು ಹಾಕಿ ಬೇರೆ ಕಡೆ ಇಟ್ಟರು. ಚಿಕ್ಕ ಫೋಟೋದ ವೆಬ್ ವಿಳಾಸದಿಂದ ಒಂದು ಪದ ಅಳಿಸಿದರೆ ಮೂಲ ಫೋಟೋ ತೆರೆದುಕೊಳ್ಳುತ್ತದೆ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಒಂದೂವರೆ ವರ್ಷ ಹಾಗೇ ನಡೆಯಿತು. ಕಾವಲಿಗೆ ಹಾಕಿದ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ನಾಲ್ಕು ತಿಂಗಳ ಹಿಂದಿನ ಒಂದು ಮಂಗಳವಾರ. ಆಗ ಇದ್ದದ್ದು ಬೇರೆ ಮನೆಯಲ್ಲಿ. ಯಾವ ಫೋಟೋವನ್ನು ಯಾವಾಗ, ಎಷ್ಟು ಸಲ ತೆರೆದು ನೋಡಿದ್ದಾರೆ ಎಂಬ ದಾಖಲೆಯನ್ನು ಫಾರ್ಮಕ್ಕ ಬೆಳಿಗ್ಗೆ ಸುಮ್ಮನೆ ತಿರುವುತ್ತಿದ್ದರು. ನಂಬರ್ 417ರ ಮೂಲ ಫೋಟೋ, ಹಿಂದಿನ ದಿನ ಮಧ್ಯಾಹ್ನ, ಏಳು ಸಲ. ಉಳಿದ ಆರುನೂರ ಹತ್ತನ್ನು ಯಾರೂ ಮುಟ್ಟಿಲ್ಲ. "ಸುಮ್ನೆ ಕೆದಕಿದವರಾದ್ರೆ ಹತ್ತು ಫೋಟೋ ನೋಡ್ತಾರೆ. ಇವ್ರಿಗೆ ಬೇಕಾಗಿದ್ದು ಅದೊಂದೇ."

417 ಟೈಲರ್ ಹಾಕಿದ ಫೋಟೋ. ಆರು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದ ಆಕೆಯನ್ನು ಎಲ್ಲರೂ ಟೈಲರ್ ಎಂದೇ ಕರೆಯುತ್ತಾರೆ. ಫೋಟೋದಲ್ಲಿ ಆಕೆ ಹೊಲಿದ ಪರದೆಯಿತ್ತು, ಮೂಲೆಯಲ್ಲಿ ಹಿಡಿಗೆ ನೀಲಿ ದಾರ ಸುತ್ತಿದ ಕತ್ತರಿ. ಆ ಕತ್ತರಿ ಗಂಡನ ಮನೆಯಿಂದ ಆಕೆ ತಂದ ಒಂದೇ ಸಾಮಾನು. ಅಮ್ಮ ಗುರುತು ಹಿಡಿಯಲಿ ಎಂದು ಹಾಕಿದ್ದನ್ನು ಇನ್ಯಾರೋ ಗುರುತು ಹಿಡಿದಿದ್ದರು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಫಾರ್ಮಕ್ಕ ಇಪ್ಪತ್ತು ನಿಮಿಷ ಕೂತರು. "ಆರುನೂರ ಹನ್ನೊಂದನ್ನೂ ಅಳಿಸಿ, ದಾಖಲೇನೂ ಅಳಿಸಿದ್ರೆ ನನ್ನ ತಪ್ಪು ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆ ಯೋಚನೆ ಬಂತು, ಸುಳ್ಳ್ಯಾಕೆ ಹೇಳ್ಲಿ." ಫೋಟೋಗಳನ್ನು ಮಾತ್ರ ಅಳಿಸಿದರು. ಆಮೇಲೆ ಮಹಡಿ ಹತ್ತಿ, ಮನೆ ನೋಡಿಕೊಳ್ಳುವ ದೊಡ್ಡಮ್ಮನ ಬಾಗಿಲು ತಟ್ಟಿದರು.

"ದೊಡ್ಡಮ್ಮ, ಟೈಲರನ್ನ ಈಗ್ಲೇ ಇಲ್ಲಿಂದ ಕಳಿಸ್ಬೇಕು. ಅವಳ ಫೋಟೋದಲ್ಲಿ ನಮ್ಮ ಮನೆ ಗುರುತಿತ್ತು. ಯಾರೋ ನೋಡಿದ್ದಾರೆ. ತಪ್ಪು ನಂದು."

"ಬೈಯೋದು ಆಮೇಲೆ ಬೈತೀನಿ" ಎಂದರು ದೊಡ್ಡಮ್ಮ. "ಬಟ್ಟೆ ವ್ಯಾನು ಎಷ್ಟೊತ್ತಿಗೆ ಬರುತ್ತೆ?"

ಏಳು ಗಂಟೆಗೆ ವ್ಯಾನು ಬಂತು. ಮಡಿಸಿದ ಹಾಸಿಗೆ ಬಟ್ಟೆಗಳ ನಡುವೆ ತಾಯಿ, ಮಗಳು ಕೂತರು. ಟೈಲರ್ ಅಳಲಿಲ್ಲ, ಜಗಳವಾಡಲಿಲ್ಲ. ಕೇಳಿದ್ದು ಒಂದೇ: "ಅಕ್ಕ, ಕತ್ತರಿ ತಗೊಂಡು ಹೋಗ್ಬಹುದಾ?"

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಎದುರು ಅಂಗಡಿಯ ಮುಂದೆ ಒಬ್ಬ ಗಂಡಸು ನಿಂತಿದ್ದ. ಒಮ್ಮೆ ಕೈಯಲ್ಲಿದ್ದ ಫೋನು ನೋಡುವುದು, ಒಮ್ಮೆ ಮನೆಯ ಕಿಟಕಿಗಳನ್ನು ನೋಡುವುದು. ಗೇಟಿನ ಕ್ಯಾಮೆರಾದಲ್ಲಿ ಸಿಕ್ಕ ಅವನ ಮುಖವನ್ನು ಟೈಲರಿಗೆ ಕಳಿಸಿದರು. ಒಂದೇ ಪದ ಬಂತು: 'ಅವನೇ.' ಪೊಲೀಸರು ಬರುವಷ್ಟರಲ್ಲಿ ಅವನು ಹೋಗಿದ್ದ. ವಾರದೊಳಗೆ ಇಡೀ ಮನೆ, ಒಗೆಯುವ ಯಂತ್ರಗಳ ಸಮೇತ, ಈಗಿನ ಕಟ್ಟಡಕ್ಕೆ ಬಂತು.

ಫಾರ್ಮಕ್ಕ ರಾಜೀನಾಮೆ ಕೊಟ್ಟರು. ದೊಡ್ಡಮ್ಮ ಆ ಕಾಗದ ಓದಿ ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ತುರುಕಿದರು. "ಕೆಡಿಸಿದವಳೇ ಸರಿಮಾಡು" ಎಂದರು. ಬಾಕಿಯಿದ್ದ ಬೈಗುಳವೂ ಅಷ್ಟೇ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿ ಈಗ ಬೆಳಗಿನ ಕೆಲಸವಾಗಿದೆ. ಹೊಸ ಫಾರ್ಮಿನಲ್ಲಿ, ಕಳಿಸುವವರ ಫೋನಿನಿಂದ ಹೊರಡುವ ಮೊದಲೇ ಫೋಟೋದ ಬೆನ್ನು ಅಳಿಸಿಹೋಗುತ್ತದೆ. ಮೂಲ ಫೋಟೋ ಇಲ್ಲಿಗೆ ಬರುವುದೇ ಇಲ್ಲ. ಅದನ್ನೂ ಅವರು ನಂಬುವುದಿಲ್ಲ. ದಿನವೂ ಗೇಟಿನ ಬಳಿ ತಾವೇ ಒಂದು ಫೋಟೋ ತೆಗೆದು, ಯಾರಿಗೂ ಕಾಣದ ಪುಟದಲ್ಲಿ ಹಾಕಿ, ಹದಿನಾಲ್ಕು ದಾರಿಗಳಿಂದ ಅದರ ಜಾಗ ಹುಡುಕುತ್ತಾರೆ. "ಕಳ್ಳರಿಗಿಂತ ಮೊದ್ಲು ನನ್ನ ಮನೆಗೆ ನಾನೇ ಕನ್ನ ಹಾಕ್ತೀನಿ" ಎನ್ನುತ್ತಾರೆ. ಬೀದಿಯಲ್ಲಿ ಯಾರಾದರೂ ಫೋನು ನೋಡುತ್ತಾ ನಿಂತರೆ, ಅವರು ಹೋಗುವವರೆಗೂ ಕಿಟಕಿ ಬಿಟ್ಟು ಕದಲುವುದಿಲ್ಲ. ಹೆದರಿಕೆ ಹೋಗಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಹೋಗ್ಬಾರ್ದು. ಹೋದ ದಿನ ನಾನು ಈ ಕುರ್ಚಿ ಬಿಡ್ಬೇಕು."

ಇವತ್ತಿನ ಒಂಬತ್ತನೇ ಫೋಟೋ ಟೈಲರ್ ಕಳಿಸಿದ್ದು. ಎಲ್ಲಿಂದ ಎಂಬುದು ಫಾರ್ಮಕ್ಕನಿಗೂ ಗೊತ್ತಿಲ್ಲ, ಗೊತ್ತಾಗದಂತೆ ಮಾಡಿದವರೂ ಅವರೇ. ಚಿಕ್ಕ ಹುಡುಗಿಯ ಕೋಟು, ಐದು ಗುಂಡಿ. ಜೊತೆಗೆ ಒಂದು ಸಾಲು: 'ಅಕ್ಕ, ಕತ್ತರಿ ಆಚೆ ಇಟ್ಟೇ ತೆಗ್ದಿದ್ದೀನಿ.' ಫಾರ್ಮಕ್ಕ ಬೆನ್ನು ನೋಡುತ್ತಾರೆ. ಖಾಲಿ. ಚಿಲಕ ಎಳೆದಂತೆ ಇನ್ನೆರಡು ಸಲ ನೋಡುತ್ತಾರೆ.

ಹೊರಗೆ ಮೊದಲ ಬಟ್ಟೆ ಯಂತ್ರ ತಿರುಗಲು ಶುರುವಾಗಿದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಫಾರ್ಮಕ್ಕ ಪರದೆಯ ಮೇಲೆ ಫಾರ್ಮಿನ ಒಳಗಿನ ಸಾಲುಗಳನ್ನು ತೆರೆದು, ನಡುವೆ ಮಂಕುಬಣ್ಣದಲ್ಲಿರುವ ಒಂದೇ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. ಅದು ಊರು ಕೇಳುವ ಕಾಲಂ.

"ಉಳಿದಿದ್ದೆಲ್ಲ ಅಳಿಸ್ಬಿಟ್ಟೆ. ಇದೊಂದನ್ನ ಕೆಲಸ ಮಾಡದ ಹಾಗೆ ಮುಚ್ಚಿಟ್ಟಿದ್ದೀನಿ. ಒಂದು ದಿನ ಟೈಲರ್ ಕೇಳ್ಬೇಕು, ಅಕ್ಕ, ಈ ಫೋಟೋ ಹಿಂದೆ ನಾನಿರೋ ಊರು ಬರೀರಿ ಅಂತ. ಆವತ್ತು ಇದನ್ನ ಮತ್ತೆ ತೆರೀತೀನಿ."