ಟಾರ್ಪಾಲಿನ ಹಿಂದಿನ ಗುಬ್ಬಿ

ನಾಟಕದ ಪರದೆ ಬರೆಯುವುದರಲ್ಲಿ ನಮ್ಮ ಹನುಮಂತರಾಜುವಿನ ಕೈ ಎಂಥದೆಂದರೆ, ಅವನು ಬರೆದ ಕಾಡಿನಿಂದ ಸೊಳ್ಳೆ ಎದ್ದು ಮುಂದಿನ ಸಾಲಿನವರಿಗೆಲ್ಲ ಚಳಿಜ್ವರ ಬಂದಿತ್ತು. ಅರಮನೆ ಬರೆದರೆ ಕಂದಾಯ ಕಟ್ಟಲು ಜನ ಬರುತ್ತಿದ್ದರು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದು ಅವನ ಹೆಂಡತಿ ಹೊಂಬಾಳಮ್ಮನಿಗೆ ಮಾತ್ರ ಗೊತ್ತಿತ್ತು.

ಹೊಂಬಾಳಮ್ಮ ಇಪ್ಪತ್ತೆಂಟು ವರ್ಷ ಗುಬ್ಬಿಯಿಂದ ತುಮಕೂರಿನ ಊದುಬತ್ತಿ ಕಾರ್ಖಾನೆಗೆ ರೈಲಿನಲ್ಲಿ ಓಡಾಡಿದವಳು. ಕಿಟಕಿ ಪಕ್ಕದ ಸೀಟಿಗಾಗಿ ಅವಳು ಆಡಿದ ಜಗಳಗಳನ್ನು ಸಾಲಾಗಿ ನಿಲ್ಲಿಸಿದರೆ ಅರಸೀಕೆರೆ ಮುಟ್ಟುತ್ತಿದ್ದವು. ಈಚೆಗೆ ಗಂಡ ಹೆಂಡತಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಹೋದ ವರ್ಷ ಉಸಿರಿನ ಕಾಯಿಲೆ ಅವಳನ್ನು ಹಿತ್ತಲ ಕಿಟಕಿಯ ಮಂಚಕ್ಕೆ ಕಟ್ಟಿಹಾಕಿತು. ಬಚ್ಚಲಿಗೆ ಹೋಗಿಬರುವುದೇ ದೂರ ಪ್ರಯಾಣವಾಯಿತು.

"ಒಂದ್ಸಲ ರೈಲಲ್ಲಿ ಗುಬ್ಬಿಗೆ ಕರ್ಕೊಂಡೋಗ್ರೀ" ಅಂದಳು.

"ಸುಮ್ಕಿರೆ. ಗುಬ್ಬೀನೇ ಇಲ್ಲಿಗೆ ತರ್ತೀನಿ."

ತಂದೇಬಿಟ್ಟ. ಗುಜರಿ ಅಂಗಡಿಯಲ್ಲಿ ಸಿಕ್ಕ ಬ್ಯಾಟರಿಯ ಆಟದ ರೈಲನ್ನು ರಿಪೇರಿ ಮಾಡಿ, ನುಗ್ಗೆಮರದಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಹಳಿ ಹಾಸಿದ. ಹಳಿಯ ಹಿಂದೆ ಕಾಂಪೌಂಡಿನುದ್ದಕ್ಕೂ, ಅವಳು ದಿನಾ ಕಿಟಕಿಯಲ್ಲಿ ನೋಡುತ್ತಿದ್ದ ಊರನ್ನು ಬರೆಯಬೇಕು: ಸ್ಟೇಷನ್ನು, ತೆಂಗಿನ ಸಾಲು, ಕೆರೆ, ಏರಿಯ ಮೇಲೆ ಬೆಳ್ಳಕ್ಕಿ.

ಮೊದಲ ಸಲ ನಾಟಕದ ಅಭ್ಯಾಸದಂತೆ ಬಟ್ಟೆ ಕಟ್ಟಿ, ಅಂಟು ಕುದಿಸಿ ಪುಡಿಬಣ್ಣ ಕಲೆಸಿ ಬರೆದ. ಆ ಬಣ್ಣ ದೀಪದ ಬೆಳಕಿಗೆ ಹುಟ್ಟಿದ್ದು, ಮಳೆಯ ಪರಿಚಯವಿಲ್ಲ. ಇನ್ನೂ ಕೆರೆ ತುಂಬಿರಲಿಲ್ಲ, ಉತ್ತರೆ ಮಳೆ ಬಂದು ಇಡೀ ಗುಬ್ಬಿ ತಾಲ್ಲೂಕು ಶೆಟ್ಟಿಹಳ್ಳಿ ಚರಂಡಿಗೆ ಹೋಯಿತು. ಮಂಚದಿಂದ ಹೊಂಬಾಳಮ್ಮನಿಗೆ ಕಂಡದ್ದು ಹಸಿರು ನೀರು.

"ಅಲ್ರೀ, ನಮ್ಮ ಕೆರೆ ಕೋಡಿ ಬಿತ್ತಲ್ಲ" ಅಂತ ನಕ್ಕಳು. ನಕ್ಕದ್ದಕ್ಕೆ ಅರ್ಧ ಗಂಟೆ ಏದುಸಿರು.

ಅವತ್ತಿನಿಂದ ಹನುಮಂತರಾಜುವಿಗೆ ಹಟ ಹಿಡಿಯಿತು. ಅಂಗಡಿ ಬೋರ್ಡಿನ ಅಲ್ಯೂಮಿನಿಯಂ ಶೀಟು ತಂದ. ಉಪ್ಪುಕಾಗದದಲ್ಲಿ ತಿಕ್ಕಿ ಪ್ರೈಮರ್ ಎರಡು ಕೋಟು, ಹೊರಗೋಡೆಗೆ ಹೊಡೆಯುವ ಪೇಂಟಿನಲ್ಲಿ ಚಿತ್ರ, ಅದರ ಮೇಲೆ ವಾರ್ನಿಷ್ ಮೂರು ಕೋಟು. ಒಂದೊಂದು ಕೋಟೂ ಪೂರಾ ಒಣಗಬೇಕು. ಬಣ್ಣ ಹಚ್ಚಿದ ಒಂದು ತುಂಡನ್ನು ಎಂಟು ದಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ನೋಡಿದ. ಕೆಲಸವಿಲ್ಲದ ಹೊತ್ತಿನಲ್ಲಿ ಎಲ್ಲದರ ಮೇಲೂ ನೀಲಿ ಟಾರ್ಪಾಲು ಎಳೆದ. ಪರದೆ ಮುಗಿದು ಕಾಯಿ ಒಡೆಯುವ ಮುಂಚೆ ಯಾರ ಕಣ್ಣಿಗೂ ಬೀಳಬಾರದೆಂಬುದು ಅವನ ಗುರು ಹಾಕಿಕೊಟ್ಟ ನೇಮ. ಬರೆಯುವಾಗಲೂ ಹೆಂಡತಿಯ ಕಿಟಕಿ ಮುಚ್ಚಿಸುತ್ತಿದ್ದ.

"ಟಾರ್ಪಾಲ್ ಊರು ಚೆನ್ನಾಗೈತೆ ಕಣ್ರೀ. ಜನಾನೇ ಇಲ್ಲ, ಗಲಾಟೆ ಇಲ್ಲ" ಅನ್ನುತ್ತಿದ್ದಳು ಅವಳು.

ನಾನು ಅವನನ್ನು ಪಕ್ಕಕ್ಕೆ ಕರೆದೆ. "ಲೇ ರಾಜು, ಡಾಕ್ಟ್ರು ಮನೇಲೇ ಇಟ್ಕೊಂಡು ಚೆನ್ನಾಗಿ ನೋಡ್ಕೊಳಿ ಅಂದ್ರೆ ಏನರ್ಥ ಅಂತ ಗೊತ್ತೇನ್ಲಾ? ತೆಗ್ದು ತೋರ್ಸು, ಆಮೇಲೆ ಬಳ್ಕೊ."

ಅವನು ಬ್ರಷ್ಷು ತೊಳೆಯುತ್ತಲೇ ಹೇಳಿದ: "ಹತ್ತು ವರ್ಸ ತಡ್ಯೋ ಹಂಗೆ ಮಾಡ್ತಿದೀನಿ ಕಣ್ಲಾ. ನೋಡೋಕೆ ಅವ್ಳೂ ಹತ್ತು ವರ್ಸ ಇರ್ಬೇಕಾಯ್ತದೆ. ಬುಡು."

ನಾನು ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಎಳೆದುಕೊಟ್ಟೆ.

ಕೊನೆಯ ವಾರ್ನಿಷ್ ಬಿದ್ದ ಬೆಳಿಗ್ಗೆ ಹೊಂಬಾಳಮ್ಮ ಕೇಳಿದಳು. "ಹಸಿ ಇದ್ರೂ ಪರ್ವಾಗಿಲ್ರೀ. ನಾನೇನ್ ಮುಟ್ತೀನಾ? ಇಲ್ಲಿಂದ್ಲೇ ನೋಡ್ತೀನಿ."

"ಇವತ್ತೊಂದು ಬಿಸ್ಲು ಕುಡೀಲಿ. ನಾಳೆ ಕಾಯಿ ಒಡ್ದು ತೆಗೀತೀನಿ."

ಮಧ್ಯಾಹ್ನ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಮೂರನೆಯ ದಿನ ಮನೆಗೆ ತಂದು ಮುಂಬಾಗಿಲಲ್ಲಿ ಮಲಗಿಸಿದೆವು.

ಹನುಮಂತರಾಜು ಅಳಲಿಲ್ಲ. "ಹಿತ್ತಲಿಗೆ ಒಂಚೂರು ಎತ್ಕೊಂಡೋಗಾಣ" ಅಂದ.

ಅವನ ಅಕ್ಕ ತಿಪ್ಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹೊರಗೆ ಜೀವ ಬಿಟ್ಟೋಳ್ನ ಮತ್ತೆ ಹೊಸ್ಲು ದಾಟ್ಸಿ ಒಳಕ್ಕೆ ತರಂಗಿಲ್ಲ ಕಣಪ್ಪ" ಅಂದಳು.

"ಹಂಗಾದ್ರೆ ಅದ್ನೇ ಇಲ್ಲಿಗೆ ತರ್ತೀನಿ."

ಸ್ಕ್ರೂಡ್ರೈವರ್ ಹಿಡಿದು ಹಿತ್ತಲಿಗೆ ಹೋದ. ನಾನೂ ಹೋದೆ. ಟಾರ್ಪಾಲು ಎಳೆದು ಬಿಸಾಡಿದ. ಏನೆಂದು ಹೇಳಲಿ, ಎಷ್ಟೋ ಸುಳ್ಳು ಹೇಳಿದ ಬಾಯಿ ಇದು, ನಂಬಿದರೆ ನಂಬಿ: ಕೆರೆ ಬರೀ ಕೆರೆಯ ಹಾಗಿತ್ತು, ಬೆಳ್ಳಕ್ಕಿ ಬೆಳ್ಳಕ್ಕಿಯ ಹಾಗೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರಲಿಲ್ಲ.

ಶೀಟನ್ನು ಗೋಡೆಗೆ ಕೂರಿಸಿದ್ದು ನಲವತ್ತು ಸ್ಕ್ರೂಗಳಿಂದ. ಒಂದು ಹನಿಯೂ ಇಳಿಯಬಾರದೆಂದು ಒಂದೊಂದರ ತಲೆಗೂ ಎಂ-ಸೀಲ್ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದಿದ್ದ. ಎಲ್ಲಿವೆಯೆಂದು ಅವನಿಗೇ ಕಾಣಲಿಲ್ಲ. ಆಕಾಶವನ್ನು ಕೆರೆದು ಒಂದನ್ನು ಬಿಚ್ಚಿದ, ತೆಂಗಿನ ಮರದಲ್ಲಿ ಇನ್ನೊಂದು. ನಾನು ಅಡುಗೆಮನೆಯ ಚಾಕು ತಂದು ಕೆರೆಯ ಕಡೆಯಿಂದ ಶುರುಮಾಡಿದೆ. ಮನೆ ಮುಂದೆ ತಮಟೆ ಶುರುವಾಯಿತು. ನಾವು ಐದು ಬಿಚ್ಚುವಷ್ಟರಲ್ಲಿ ತಿಪ್ಪಮ್ಮ ಬಂದು ಬಾಗಿಲಲ್ಲಿ ನಿಂತಳು.

"ಹೊತ್ತು ಮುಳುಗ್ತದೆ ಕಣಪ್ಪ. ಎಲ್ರೂ ಕಾಯ್ತಾವ್ರೆ."

ಅವನು ಆರನೆಯದಕ್ಕೆ ಇನ್ನೊಂದು ಸಲ ತಿರುವಿ ನೋಡಿದ. ಅಲ್ಲಾಡಲಿಲ್ಲ. ಎದ್ದು ಮುಂದಕ್ಕೆ ಬಂದ. ಹೊಂಬಾಳಮ್ಮನ ಹಿಂದೆ ಸ್ಮಶಾನದವರೆಗೂ ಸ್ಕ್ರೂಡ್ರೈವರ್ ಹಿಡಿದೇ ನಡೆದ. ತೆಗೆದುಕೊಳ್ಳಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ.