ಅತ್ತಿಗೆಯ ಅಂಗೈಯಗಲದ ಒಲೆ

ನನ್ನ ಅತ್ತಿಗೆಯ ಕಸುಬು ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚನ್ನು ನೋಡಿಕೊಂಡು ಮೇಣದಲ್ಲಿ ಒಸಡು ತೀಡಿ, ಒಂದೊಂದೇ ಹಲ್ಲು ಕೂರಿಸಿ, ಬೊಚ್ಚುಬಾಯಿಯವರು ಮತ್ತೆ ಅಗಿಯುವ ಹಾಗೆ ಮಾಡುತ್ತಾರೆ. ಮೇಣ ಕರಗಿಸುವ ಪುಟ್ಟ ಸ್ಪಿರಿಟ್ ದೀಪವೊಂದು ಅವರ ಮೇಜಿನ ಮೇಲೆ ಸದಾ ಉರಿಯುತ್ತಿರುತ್ತದೆ.

ಅವರು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಒಮ್ಮೆ ಬೆಟ್ಟದ ಮೇಲೆ ಒಂದೇ ಟೆಂಟಿನಲ್ಲಿ ಮಲಗಿ ಅಣ್ಣನ ಗೊರಕೆಯನ್ನು ಮನಸಾರೆ ಬೈದುಕೊಂಡೆವು, ಅಲ್ಲಿಂದ ಗಳಸ್ಯಕಂಠಸ್ಯ. ರಜೆ ಸಿಕ್ಕಿತೆಂದರೆ ಇಬ್ಬರೂ ಬೆನ್ನಿಗೆ ಚೀಲ ಏರಿಸಿ ಹೊರಟುಬಿಡುತ್ತಿದ್ದೆವು.

ಆಮೇಲೆ ಅತ್ತಿಗೆಗೆ ಬೆನ್ನಿನ ಆಪರೇಷನ್ ಆಯಿತು. "ನಡೀರಿ, ಎಷ್ಟು ಬೇಕಾದ್ರೂ ನಡೀರಿ. ಭಾರ ಮಾತ್ರ ಹೊರಬೇಡಿ" ಎಂದರು ಡಾಕ್ಟರು. ಟೆಂಟು, ಗ್ಯಾಸ್ ಒಲೆ, ಸಿಲಿಂಡರು, ಪಾತ್ರೆ ಎಲ್ಲವನ್ನೂ ನಾನೇ ಹೊರತೊಡಗಿದೆ. ಕೆಲವು ಸಲ ಹೀಗೆ ಹೋಗಿಬಂದ ಮೇಲೆ ಅತ್ತಿಗೆ ಅಂದರು:

"ನೀನು ಕತ್ತೆ ಹಾಗೆ ಹೊರೋದು, ನಾನು ಕೈ ಬೀಸ್ಕೊಂಡು ಬರೋದು. ನಂಗೆ ನಾಚಿಕೆ ಆಗುತ್ತೆ ಕಣೇ. ಇನ್ಮೇಲೆ ನೀನೊಬ್ಬಳೇ ಹೋಗು."

ನಾನು ಗೋಗರೆದರೂ ಜಗ್ಗಲಿಲ್ಲ.

ಕೆಲಸದ ನಡುವೆ ಒಂದು ದಿನ ಅವರ ಕಣ್ಣು ಆ ದೀಪದ ಮೇಲೆ ನಿಂತಿತು. ಸಂಜೆ ನನಗೆ ಫೋನು: "ಗಟ್ಟಿ ಮೇಣ ಕರಗಿಸೋ ಸ್ಪಿರಿಟು ಒಂದು ಚೊಂಬು ನೀರು ಕಾಯಿಸಲ್ವಾ?"

ತಂಪು ಪಾನೀಯದ ಖಾಲಿ ಡಬ್ಬಿಗಳು ಅವರ ಮನೆಯಲ್ಲಿ ರಾಶಿಬಿದ್ದವು. ಎರಡು ಡಬ್ಬಿಗಳ ತಳ ಕತ್ತರಿಸಿ, ಒಂದರೊಳಗೊಂದು ಒತ್ತಿ ಕೂರಿಸಿ, ಅಂಚಿನ ಸುತ್ತ ಸೂಜಿಯಿಂದ ತೂತು ಹೊಡೆದರೆ ಒಲೆ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಮೊದಲನೆಯದು ಸೋರಿತು. ಮುಂದಿನದು ಪಾತ್ರೆ ಇಟ್ಟೊಡನೆ ನಜ್ಜುಗುಜ್ಜಾಯಿತು. "ಮನೆ ಸುಡೋಕೆ ಇಷ್ಟು ಚಿಕ್ಕದು ಸಾಕಾಗುತ್ತಾ?" ಎಂದು ಅಣ್ಣ ಛೇಡಿಸಿದ.

ಅವನ ಮಾತು ನಿಜವಾಗುವುದರಲ್ಲಿತ್ತು. ಸ್ಪಿರಿಟ್ಟಿನ ಉರಿ ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬಾಲ್ಕನಿಯಲ್ಲಿ ಒಲೆ ಆರಿತೆಂದುಕೊಂಡು ಅತ್ತಿಗೆ ಬಾಟಲಿ ಬಗ್ಗಿಸಿದರು. ಒಲೆಯ ಮೇಲೆ ಗಾಳಿ ಅದುರುವುದನ್ನು ಕಂಡು ನಾನು ಅವರ ಕೈ ಹಿಡಿದೆಳೆದೆ. ಅಂದಿನಿಂದ ಒಲೆ ಪೂರ್ತಿ ತಣ್ಣಗಾಗುವವರೆಗೆ ಬಾಟಲಿಯ ಮುಚ್ಚಳ ತೆಗೆಯುವಂತಿಲ್ಲ.

ಒಲೆ ಸರಿಹೋದ ಮೇಲೆ ಅತ್ತಿಗೆ ಹೊರಟರು. ಗ್ಯಾಸ್ ಒಲೆ, ಸಿಲಿಂಡರು ಇಲ್ಲದೆ ಹಗುರವಾದ ಅಡುಗೆಯ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡು, "ಮುಟ್ಟಬೇಡ, ಇದು ನಂದು" ಎಂದರು.

ಬೆಟ್ಟದ ಮೇಲಿನ ಹಳ್ಳ ದಾಟುವಾಗ ನಾನು ಪಾಚಿಗೆ ಜಾರಿ ಚೀಲದ ಸಮೇತ ನೀರಿಗೆ ಬಿದ್ದೆ. ಮೇಲೆದ್ದಾಗ ಸುಯ್ಯೆಂದು ಗಾಳಿ. ಹಲ್ಲು ಕಟಕಟಿಸಿ ಮಾತೇ ಹೊರಡದು. ಸುತ್ತ ಬಿದ್ದಿದ್ದ ಸೌದೆಯೆಲ್ಲ ಇಬ್ಬನಿಗೆ ಒದ್ದೆ. ಅತ್ತಿಗೆ ನನ್ನನ್ನು ಬಂಡೆಯ ಮರೆಗೆ ಎಳೆದು, ಒದ್ದೆ ಬಟ್ಟೆ ಬಿಚ್ಚಿಸಿ, ತಮ್ಮ ಸ್ವೆಟರು ತೊಡಿಸಿದರು. ಒಲೆಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಚಳಿಗೆ ಅದು ಹತ್ತಲೊಲ್ಲದು. ಒಲೆ ತಣ್ಣಗಿರುವುದನ್ನು ಮುಟ್ಟಿ ನೋಡಿ, ಸ್ಪಿರಿಟನ್ನು ಮತ್ತೆ ಬಾಟಲಿಗೆ ತುಂಬಿ, ಕಂಕುಳಲ್ಲಿ ಅವುಚಿಕೊಂಡು ಕೂತರು.

"ಅತ್ತಿಗೆ, ನಿಮಗೂ ಚಳಿ ಹಿಡಿಯುತ್ತೆ."

"ಬಾಯಿ ಮುಚ್ಕೊಂಡು ಕೂತ್ಕೋ."

ಬೆಚ್ಚಗಾದ ಸ್ಪಿರಿಟ್ ಈ ಸಲ ಹತ್ತಿಕೊಂಡಿತು. ಗಾಳಿಗೆ ಮರೆಯಾಗಲೆಂದು ತಂದಿದ್ದ ತಗಡನ್ನು ಸುತ್ತ ನಿಲ್ಲಿಸಿದ ಮೇಲೆ ತೂತುಗಳಿಂದ ನೀಲಿ ಉರಿ ಎದ್ದಿತು. ನೀರು ಕುದಿಯಿತು. ಸಕ್ಕರೆ ಹಾಕಿದ ಆ ಬಿಸಿನೀರಿನ ಲೋಟವನ್ನು ಅತ್ತಿಗೆಯೇ ನನ್ನ ತುಟಿಗೆ ಹಿಡಿದರು. ಒಂದೊಂದು ಗುಟುಕೂ ಎದೆಯೊಳಗೆ ಇಳಿಯುವುದು ಗೊತ್ತಾಗುತ್ತಿತ್ತು. ನನಗೆ ಅಳು ಬಂತು.

"ಯಾಕೆ, ಸುಡ್ತಾ?"

"ಇಲ್ಲ. ನೀವು ಬಂದಿರಲ್ಲ, ಅದಕ್ಕೆ."

ಅವರು ಇನ್ನಷ್ಟು ಸಕ್ಕರೆ ಹಾಕಿದರು.

ಮಧ್ಯಾಹ್ನ ಬಿಸಿಲು ಬಿತ್ತು. ಬಟ್ಟೆ ಒಣಗುವವರೆಗೆ ಬಿಸ್ಕತ್ತು ತಿನ್ನುತ್ತಾ ಕೂತು, ನಿಧಾನವಾಗಿ ಇಳಿದೆವು. ಆಮೇಲೆ ಅತ್ತಿಗೆ ಯಾವ ನಡಿಗೆಯನ್ನೂ ತಪ್ಪಿಸಿಲ್ಲ. ಅಡುಗೆಯ ಚೀಲ ಅವರದು, ಉಳಿದದ್ದು ನನ್ನದು.